ಎಲ್ಲರಿಗೂ ಮುದ್ದತು ಸಿಕ್ಕ ದಿನ

ಬಹಳ ದಿನ ಆಯ್ತು, ಇಲ್ಲಿ ಏನೂ ಬರೆದಿರಲಿಲ್ಲ. ಕೆಲಸ ಜಾಸ್ತಿ ಅಂತ ಹೇಳಿಕೊಳ್ಳೋದು ಸುಲಭ, ನಿಜ ಹೇಳಬೇಕಂದ್ರೆ ಸೋಮಾರಿತನ. ಹೋದ ತಿಂಗಳು ಹತ್ತು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದ್ರೆ ಕವಿತಾಳ. ಗೊತ್ತಿಲ್ಲದವರಿಗೆ: ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ರಸ್ತೆಯಲ್ಲಿ ಸಿರವಾರ ದಾಟಿದ ಮೇಲೆ ಬರುತ್ತದೆ. ನಾನು ಶಾಲೆಗೆ ಹೋಗುವಾಗ ಮಾನ್ವಿ ತಾಲ್ಲೂಕಿನಲ್ಲಿತ್ತು, ಈಗ ಸಿರವಾರ ತಾಲ್ಲೂಕು. "ಕವಿತಾಳ ಅಂದ್ರೆ ಎಲ್ಲರೂ ಕವಿಗಳೇನ್ರಿ?" ಅಂತ ಬೆಂಗಳೂರಲ್ಲಿ ಕೇಳುವವರಿಗೆ ನನ್ನ ಉತ್ತರ ಒಂದೇ, ಇಲ್ಲ ಸ್ವಾಮಿ, ನಮ್ಮಪ್ಪ ವಕೀಲರು :)

ಈ ಸಲ ಹೋಗಿದ್ದು ಹಬ್ಬಕ್ಕಲ್ಲ. ಅಪ್ಪನ ಆಫೀಸು, ಅಂದ್ರೆ ನಮ್ಮ ಮನೆಯ ಮುಂದಿನ ಕೋಣೆ, ಅಲ್ಲಿರುವ ಫೈಲುಗಳನ್ನೆಲ್ಲ ಒಂದು ಪಟ್ಟಿ ಮಾಡಿಕೊಡು ಅಂತ ಅಪ್ಪ ಕೇಳಿದ್ರು. ಅಪ್ಪ ನನ್ನ ಹತ್ರ ಏನನ್ನೂ ಕೇಳುವ ಮನುಷ್ಯ ಅಲ್ಲ. ಹಂಗಾಗಿ ಅವತ್ತೇ ಬಸ್ ಬುಕ್ ಮಾಡಿದೆ.

ಮೊದಲು ಕಾಕಾನ ವಿಷಯ ಹೇಳಬೇಕು. ಅವರು ನಮಗೆ ರಕ್ತಸಂಬಂಧಿ ಅಲ್ಲ, ಅಪ್ಪನ ಜೊತೆ ಇಪ್ಪತ್ತಾರು ವರ್ಷ ವಕೀಲಿ ಮಾಡಿದವರು. ಒಂದೇ ಕೋಣೆ, ಎರಡು ಟೇಬಲ್ಲು, ಒಬ್ಬನೇ ಗುಮಾಸ್ತ. ಮೊದಮೊದಲು ಇಬ್ಬರೂ ಒಂದೇ ಸ್ಕೂಟರಿನಲ್ಲಿ ಕೋರ್ಟಿಗೆ ಹೋಗ್ತಿದ್ದರಂತೆ. ಆಮೇಲೆ ಕಾಕಾ ಒಂದು ಹಳೇ ಕಾರು ತಗೊಂಡರು. ಅಪ್ಪ ಕೊನೆಗೂ ಗಾಡಿ ಓಡಿಸೋದು ಕಲಿಯಲಿಲ್ಲ, ಕಾಕಾ ಇದ್ದಾರಲ್ಲ ಅಂತ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಕಾಕಾನಿಗೆ ಎದೆನೋವು ಬಂತು, ರಾಯಚೂರಿಗೆ ಕರಕೊಂಡು ಹೋಗುವ ದಾರಿಯಲ್ಲೇ ತೀರಿಕೊಂಡರು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿ ಶುರುವಾಯಿತಲ್ಲ, ಆ ಟೆಂಟಿನಲ್ಲಿ ಕಾಕಾ ಎಷ್ಟೋ ಸಲ ಹೋಗಿ ಕೂತು ಬಂದಿದ್ದರು. ಇದಕ್ಕೆ ನಾನು ಇನ್ನೇನೂ ಸೇರಿಸಲ್ಲ.

ಸುದ್ದಿ ಬಂದ ರಾತ್ರಿಯೇ ಬಸ್ ಹತ್ತಿದೆ. ಪಕ್ಕದ ಸೀಟಿನಲ್ಲಿ ಒಬ್ಬ ಹುಡುಗ, ನನ್ನದೇ ವಯಸ್ಸು. ಬೆಂಗಳೂರಿನಲ್ಲಿ ಕಟ್ಟಡ ಕೆಲಸ. ನಮ್ಮ ಕಡೆಯಿಂದ ಗುಳೆ ಹೋಗುವವರು ಎಷ್ಟು ಮಂದಿ ಅನ್ನೋದು ನಿಮಗೂ ಗೊತ್ತಿರುತ್ತೆ. ಅವನದು ಚೆಕ್ ಬೌನ್ಸ್ ಕೇಸು, 138 ಅಂತಾರಲ್ಲ ಅದು. ಮಂಗಳವಾರ ತಾರೀಕು. ಎರಡು ದಿನದ ಕೂಲಿ, ಎರಡು ಕಡೆ ಬಸ್ ಚಾರ್ಜು ಲೆಕ್ಕ ಹಾಕಿ ಹೇಳಿದ. "ಈ ಸಲ ಆರ್ಗುಮೆಂಟ್ ಐತ್ರಿ, ಮುಗದ್ರ ಮುಗೀತು" ಅಂದ.

ಸೋಮವಾರ ಮಣ್ಣು ಆಯ್ತು. ಮಂಗಳವಾರ ಕೋರ್ಟಿನಲ್ಲಿ ವಕೀಲರ ಸಂಘದ ಸಂತಾಪ ಸಭೆ ಇತ್ತು, ಅಪ್ಪನ ಜೊತೆ ನಾನೂ ಹೋದೆ. (ಯಾವ ತಾಲ್ಲೂಕಿನ ಕೋರ್ಟು ಅಂತ ಬರೆಯಲ್ಲ. ಎಲ್ಲ ಕಡೆಯೂ ಹೀಗೇ ಅಂತ ಅಪ್ಪ ಹೇಳ್ತಾರೆ.) ಎರಡು ನಿಮಿಷ ಮೌನ, ಮೂವರು ಮಾತಾಡಿದರು, ಅಪ್ಪ ಮಾತಾಡಲಿಲ್ಲ. ಆಮೇಲೆ ವಕೀಲರು ಅವತ್ತು ಕಲಾಪದಿಂದ ಹೊರಗೆ ಉಳಿಯುವುದು ಅಂತ ತೀರ್ಮಾನ ಆಯ್ತು. ಅಂದ್ರೆ ಅವತ್ತಿನ ಲಿಸ್ಟಿನಲ್ಲಿದ್ದ ಅಷ್ಟೂ ಕೇಸಿಗೆ ಮುದ್ದತು. ನನ್ನ ಬಸ್ಸಿನ ಹುಡುಗನಿಗೂ. ಅವನು ದೂರದಿಂದ ನನ್ನನ್ನು ನೋಡಿ ತಲೆಯಾಡಿಸಿ ಹೋದ. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ, ಇದ್ದಿದ್ದರೆ ವಾಸಿ ಅನಿಸ್ತು.

ಇನ್ನೊಬ್ಬರು ಒಬ್ಬ ಮುದುಕಿ. ಕೋರ್ಟಿನ ಬಾಗಿಲ ಹತ್ರ ನಿಂತುಕೊಂಡು, "ಯಪ್ಪಾ, ನಮ್ಮ ವಕೀಲ್ರು ಇನ್ನಾ ಬಂದಿಲ್ಲೇನು?" ಅಂತ ನಮ್ಮ ಅಪ್ಪನನ್ನೇ ಕೇಳಿದಳು. ಅವಳ ವಕೀಲರು ಅಂದ್ರೆ ಕಾಕಾ. ಅವತ್ತು ಅವಳ ಪಾಟಿ ಸವಾಲು ಇತ್ತು. ಅಪ್ಪ ಮೆಲ್ಲಗೆ ಹೇಳಿದರು. ಆಕೆ ಅಲ್ಲೇ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದ್ದು: "ಮುಂದಿನ ತಾರೀಕು ಯಾವತ್ತು ಕೊಟ್ಟಾರ ಯಪ್ಪಾ?"

ಅವತ್ತಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸತ್ತ ವಕೀಲನಿಗೆ ಮರ್ಯಾದೆ ತೋರಿಸೋದು ಅಂದ್ರೆ ಅವನ ಕಕ್ಷಿದಾರಳನ್ನು ಬರಿಗೈಲಿ ವಾಪಸ್ ಕಳಿಸೋದಾ?

ನಾನು ಕಾನೂನು ಓದಿದವನಲ್ಲ, ಓದಿದ್ದು ಎಂಜಿನಿಯರಿಂಗು. ಆದ್ರೆ ಈ ಹತ್ತು ದಿನದಲ್ಲಿ ಒಂದಿಷ್ಟು ಓದಿಕೊಂಡೆ, ಅಪ್ಪನ ಜೊತೆ ಜಗಳಾನೂ ಆಡಿದೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಡೆಹ್ರಾಡೂನ್ ಜಿಲ್ಲಾ ವಕೀಲರ ಸಂಘದ ಕೇಸಿನಲ್ಲಿ ಒಂದು ತೀರ್ಪು ಕೊಟ್ಟಿದೆ. ಉತ್ತರಾಖಂಡದ ಮೂರು ಜಿಲ್ಲೆಗಳಲ್ಲಿ ವಕೀಲರು 35 ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಶನಿವಾರ ಕಲಾಪ ಬಹಿಷ್ಕಾರ ಮಾಡ್ತಿದ್ದರಂತೆ. ಕೊಟ್ಟ ಕಾರಣಗಳು ನೋಡಿ, ಪಾಕಿಸ್ತಾನದ ಶಾಲೆಯಲ್ಲಿ ಬಾಂಬ್ ಸ್ಫೋಟ, ಶ್ರೀಲಂಕಾದ ಸಂವಿಧಾನ ತಿದ್ದುಪಡಿ, ನೇಪಾಳದ ಭೂಕಂಪ, ವಕೀಲರ ಬಂಧುಗಳ ಸಾವು, ಜೋರು ಮಳೆ, ಕೊನೆಗೆ ಕವಿ ಸಮ್ಮೇಳನ! (ಕವಿತಾಳದವನಾಗಿ ಕೊನೆಯದಕ್ಕೆ ನನ್ನ ಪೂರ್ತಿ ಬೆಂಬಲ ಇದೆ.) ಕೋರ್ಟು ಇದು ಕಾನೂನುಬಾಹಿರ ಅಂತ ಖಡಾಖಂಡಿತ ಹೇಳಿತು. 2002ರಲ್ಲಿ ಹರೀಶ್ ಉಪ್ಪಲ್ ಕೇಸಿನಲ್ಲೇ ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಅಂತ ಹೇಳಿತ್ತು.

ಇದನ್ನ ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ನೀ ಹೇಳೂದು ಖರೇ ಐತಿ ತಮ್ಮಾ. ತೀರ್ಪು ನನಗೂ ಗೊತ್ತೈತಿ. ಆದ್ರ ಅವತ್ತು ನನ್ನ ಮುಂದ ಸಾಕ್ಷಿ ನಿಲ್ಲಿಸಿದ್ರ ನನ್ನ ಬಾಯಾಗ ಒಂದು ಸವಾಲು ಬರ್ತಿದ್ದಿಲ್ಲ."

ಅಪ್ಪನಿಗೆ ಬೇಕಾಗಿದ್ದು ರಜೆ. ನಮ್ಮ ಕಂಪನಿಯಲ್ಲಿ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅದಕ್ಕಂತಲೇ ರಜೆ ಇದೆ. ನಾನಿಲ್ಲದಿದ್ದರೆ ನನ್ನ ಕೆಲಸ ಇನ್ನೊಬ್ಬ ನೋಡಿಕೊಳ್ತಾನೆ, ಯಾಕಂದ್ರೆ ಕೆಲಸ ಬಿಟ್ಟು ಹೋಗುವ ಮುಂಚೆ ಎಲ್ಲವನ್ನೂ ಇನ್ನೊಬ್ಬನಿಗೆ ಹೇಳಿಕೊಡಬೇಕು, ಅದಕ್ಕೆ ನಾಲೆಜ್ ಟ್ರಾನ್ಸ್‌ಫರ್ ಅಂತ ದೊಡ್ಡ ಹೆಸರು ಬೇರೆ. ತಾಲ್ಲೂಕಿನ ವಕೀಲನಿಗೆ ಇದ್ಯಾವುದೂ ಇಲ್ಲ. ಅವನೊಬ್ಬ ರಜೆ ಹಾಕಬೇಕಂದ್ರೆ ಪ್ರತಿ ಕೇಸಿನಲ್ಲೂ ಕಾಲಾವಕಾಶ ಕೇಳಬೇಕು, ಎದುರು ವಕೀಲ ಒಪ್ಪಬೇಕು, ಇಲ್ಲಾಂದ್ರೆ ಕಾಸ್ಟ್ ಹಾಕ್ತಾರೆ. ಅದಕ್ಕೇ ಎಲ್ಲರೂ ಸೇರಿ ಒಂದೇ ಸಲ ಬಾಗಿಲು ಹಾಕುತ್ತಾರೆ ಅಂತ ನನಗೆ ಅನಿಸ್ತು. ದುಃಖ ಒಬ್ಬರದು ಇಬ್ಬರದು, ಮುದ್ದತು ಎಲ್ಲರಿಗೂ. ನನ್ನ ಅಭಿಪ್ರಾಯ ಇಷ್ಟೇ, ಸಂತಾಪ ಸಭೆ ಸಂಜೆ ಐದಕ್ಕೆ ಆಗಲಿ. ಹತ್ತಿರದವರು ಯಾರೋ ಅವರಿಗೆ ಒಂದು ವಾರ ಕಾಲಾವಕಾಶ ಕೇಳದೇ ಸಿಗಲಿ. ಉಳಿದವರು ಕೆಲಸ ಮಾಡಲಿ. ಬಸ್ಸಿನ ಹುಡುಗನ ವಕೀಲರಿಗೆ ಕಾಕಾನ ಪರಿಚಯ ಇತ್ತು ನಿಜ, ವಾದ ಮಾಡಲಾಗದಷ್ಟು ದುಃಖ ಇತ್ತಾ?

ಅಪ್ಪ ಇದಕ್ಕೆ ಒಪ್ಪಿಲ್ಲ, ಒಪ್ಪಿಲ್ಲ ಅಂತಾನೂ ಹೇಳಿಲ್ಲ. "ಒಂದು ದಿನ ಬಂದು ನೋಡು" ಅಂದರು, ಅಷ್ಟೇ. ಹಂಗಾಗಿ ಈ ಸಲ ಒಂದು ಪೂರ್ತಿ ದಿನ ಅವರ ಹಿಂದೆ ಸುತ್ತಿದೆ.

ಬೆಳಿಗ್ಗೆ ಐದೂವರೆಗೆ ಎದ್ದು ಫೈಲು ಓದ್ತಾ ಕೂತಿದ್ದರು. ಸ್ನಾನ, ವಿಭೂತಿ, ಎರಡು ರೊಟ್ಟಿ, ಪುಂಡಿಪಲ್ಯ. ಕಾಕಾ ಹೋದಮೇಲೆ ಅಪ್ಪ ಬಸ್ಸಿಗೇ ಹೋಗೋದು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಗಂಡಸರಿಗೆ ಸೀಟು ಸಿಗೋದು ಕಷ್ಟ ಅಂತ ಊರಲ್ಲಿ ಎಲ್ಲರೂ ಗೊಣಗ್ತಾರೆ. ಅಪ್ಪ ಗೊಣಗಲ್ಲ. "ಮೊದಲು ಹೆಣ್ಮಕ್ಕಳ ಕೇಸಿಗೆ ಅಣ್ಣನೋ ಮೈದುನನೋ ಬರ್ತಿದ್ರು, ಈಗ ತಾವೇ ಬರ್ತಾರ, ತಾವೇ ಕೇಳ್ತಾರ" ಅಂತಾರೆ. ಅವತ್ತು ಅಪ್ಪ ಕರಿ ಕೋಟು, ಕೈಯಲ್ಲಿ ಎರಡು ಚೀಲ ಫೈಲು, ನಿಂತೇ ಬಂದರು. ನಾನು ಒಂದು ಚೀಲ ತಗೊಂಡೆ, ಭಾರ ನೋಡಿ ಸುಮ್ಮನಾದೆ. ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇನಲ್ಲಿ ನಲವತ್ತು ದಾಟುತ್ತೆ. ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ಕರಿ ಕೋಟು ಕಡ್ಡಾಯ ಅಲ್ಲ ಅಂತ ಬಾರ್ ಕೌನ್ಸಿಲ್ ನಿಯಮವೇ ಇದೆ. ಅಪ್ಪ ಆಗಲೂ ಹಾಕ್ತಾರೆ. ಕೋಟು ಇಲ್ಲದಿದ್ರೆ ಕಕ್ಷಿದಾರರು ಗುಮಾಸ್ತ ಅನ್ಕೋತಾರಂತೆ.

ಹನ್ನೊಂದಕ್ಕೆ ಕೂಗಲು ಶುರು. ಎಲ್ಲರಿಗೂ ಹನ್ನೊಂದೇ! ಎಪ್ಪತ್ತು ಕೇಸಿನವರೂ ಹನ್ನೊಂದಕ್ಕೆ ಬಂದು ನಿಂತಿರಬೇಕು, ಯಾರದು ಯಾವಾಗ ಅಂತ ದೇವರಿಗೇ ಗೊತ್ತು. ಅಪ್ಪನದು ಅವತ್ತು ಒಂಬತ್ತು ಕೇಸು. ಐದು ಅರ್ಧ ಗಂಟೆಯಲ್ಲಿ ಮುಂದಕ್ಕೆ ಹೋದವು. ಒಂದರಲ್ಲಿ ಸಾಕ್ಷಿ ಬಂದಿಲ್ಲ, ಒಂದರಲ್ಲಿ ಸಮನ್ಸ್ ವಾಪಸ್ ಬಂದಿಲ್ಲ, ಒಂದರಲ್ಲಿ ಎದುರು ವಕೀಲರು ಇನ್ನೊಂದು ಕೋರ್ಟಿನಲ್ಲಿ. ಮತ್ತೊಂದರಲ್ಲಿ, ಇದನ್ನೂ ಬರೆಯಲೇಬೇಕು, ಅಪ್ಪನೇ ಕಾಲಾವಕಾಶ ಕೇಳಿದರು. ತಯಾರಿ ಆಗಿರಲಿಲ್ಲ. ಕಾಕಾನ ಫೈಲು ಅದು. ನಾಲ್ಕೂವರೆಗೆ ಕೊನೆಯ ಕೇಸು ಕೂಗಿದರು. ದಿನವಿಡೀ ಅಪ್ಪ ನ್ಯಾಯಾಧೀಶರ ಮುಂದೆ ಮಾತಾಡಿದ್ದು ಹೆಚ್ಚೆಂದರೆ ಹದಿನೈದು ನಿಮಿಷ. ಉಳಿದದ್ದೆಲ್ಲ ಕಾಯೋದು. ದಣಿವು ಮಾತಿನಿಂದ ಬರಲ್ಲ ಅಂತ ನನಗೆ ಅವತ್ತು ಗೊತ್ತಾಯ್ತು, ಈಗ ಕೂಗ್ತಾರೇನೋ ಅಂತ ಕಿವಿ ನಿಮಿರಿಸಿಕೊಂಡು ಐದು ತಾಸು ಕೂತಿರೋದರಿಂದ ಬರುತ್ತೆ.

ಆಸ್ಪತ್ರೆಯಲ್ಲಿ ಟೋಕನ್ ಕೊಡ್ತಾರೆ, ಕಟಿಂಗ್ ಶಾಪಿನಲ್ಲಿ ಈಗ ಫೋನ್ ಮಾಡಿ ಟೈಮ್ ಕೇಳಬಹುದು. ಇಕೋರ್ಟ್ಸ್ ಯೋಜನೆ ಶುರುವಾಗಿದ್ದು 2007ರಲ್ಲಿ. ಇವತ್ತು ಯಾವ ಹಳ್ಳಿಯ ರೈತನೂ ಫೋನಿನಲ್ಲಿ ತನ್ನ ಕೇಸಿನ ಮುಂದಿನ ತಾರೀಕು ನೋಡಬಹುದು, ನಿಜಕ್ಕೂ ಒಳ್ಳೆ ಕೆಲಸ, ನಮ್ಮ ವೃತ್ತಿಯವನಾಗಿ ನನಗೆ ಹೆಮ್ಮೆ. ಆದ್ರೆ ತಾರೀಕು ಗೊತ್ತಾಗುತ್ತೆ, ಗಂಟೆ ಗೊತ್ತಾಗಲ್ಲ. ಬೆಳಿಗ್ಗೆ ಬರೀ ಮುಂದೂಡುವ ಕೇಸು, ಹನ್ನೆರಡರ ಮೇಲೆ ಸಾಕ್ಷಿ, ಮಧ್ಯಾಹ್ನ ವಾದ ಅಂತ ಇಷ್ಟೇ ಹಂಚಿ, ಅದನ್ನ ಹಿಂದಿನ ದಿನವೇ ಹೇಳಿಬಿಟ್ಟರೂ ಅರ್ಧ ಜನ ಅರ್ಧ ದಿನ ಉಳಿಸಿಕೊಳ್ತಾರೆ. ಅಪ್ಪ ನಕ್ಕರು. ಅಪ್ಪ ನಕ್ಕರೆ ನನಗೆ ಇನ್ನೂ ಹಟ ಬರುತ್ತೆ.

ಸಿವಿಲ್ ಪ್ರೊಸೀಜರ್ ಕೋಡಿನಲ್ಲಿ, ಆರ್ಡರ್ 17ರಲ್ಲಿ, ವಿಚಾರಣೆ ನಡೆಯುವಾಗ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುದ್ದತು ಕೊಡಬಾರದು ಅಂತ ಇದೆ. ಮೂರು! ಕಾಕಾನ ಫೈಲಿನಲ್ಲಿ ಆ ಮುದುಕಿಯ ಕೇಸಿನ ತಾರೀಕುಗಳನ್ನು ಎಣಿಸುತ್ತಾ ಹೋದೆ, ನಲವತ್ತು ದಾಟಿದ ಮೇಲೆ ಬಿಟ್ಟೆ. ಎಲ್ಲವೂ ಒಬ್ಬರೇ ಕೇಳಿದ್ದಲ್ಲ, ಅದೂ ನಿಜ. 2005ರಲ್ಲಿ ಸೇಲಂ ವಕೀಲರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕೈಮೀರಿದ ಕಾರಣ ಇದ್ದರೆ ಮೂರರ ಮೇಲೂ ಕೊಡಬಹುದು ಅಂದಿತ್ತು. ಆ ಸಣ್ಣ ಕಿಂಡಿ ಈಗ ದೊಡ್ಡ ಅಗಸಿ ಆಗಿದೆ.

ಆ ಮುದುಕಿಯ ಕೇಸು ಏನು ಅಂದ್ರೆ, ತವರಿನ ಹೊಲದಲ್ಲಿ ಪಾಲು. ಅಣ್ಣತಮ್ಮಂದಿರ ಮೇಲೆ. 2013ರಲ್ಲಿ ಹಾಕಿದ್ದು. ಫೈಲು ಓದ್ತಾ ಹೋದರೆ ಕಥೆ ಇದ್ದಂಗೆ ಇದೆ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಾಲು ಅಂತ ಕಾನೂನು ಬಂತು, ಆದ್ರೆ ಅದಕ್ಕೂ ಮೊದಲೇ ಮದುವೆ ಆದವರಿಗೆ ಇಲ್ಲ. ಈಕೆಗೆ ಆಗ ಮೂರು ಮಕ್ಕಳು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆ ಆಗಿರಲಿ ಬಿಡಲಿ ಮಗಳಿಗೂ ಸಮಪಾಲು. ಬಾಗಿಲು ತೆರೀತು. 2015ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕಾಶ್ ಮತ್ತು ಫುಲಾವತಿ ಕೇಸಿನಲ್ಲಿ, 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿದ್ದರೆ ಮಾತ್ರ ಅಂತ ಸುಪ್ರೀಂ ಕೋರ್ಟು ಹೇಳಿತು. ಈಕೆಯ ಅಪ್ಪ ಅಷ್ಟೊತ್ತಿಗೆ ಸತ್ತು ಎಷ್ಟೋ ವರ್ಷ. ಬಾಗಿಲು ಮುಚ್ಚಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳು, ಮಗಳು ಹುಟ್ಟಿನಿಂದಲೇ ಪಾಲುದಾರಳು, ಅಪ್ಪ ಬದುಕಿರಬೇಕಂತಿಲ್ಲ ಅಂದರು. ಮತ್ತೆ ತೆರೀತು. ಫೈಲಿನ ಹಿಂದೆ ಕಾಕಾನ ಅಕ್ಷರದಲ್ಲಿ ಒಂದು ಸಾಲು: "ಮುದುಕಿಗೆ ಫೋನ್ ಹಚ್ಚಿ ಹೇಳಿದೆ. ಅತ್ತಳು." ಕೋವಿಡ್ ಕಾಲ ಅದು, ಕೋರ್ಟಿನ ಕೆಲಸ ಅರ್ಧಂಬರ್ಧ. ಆಮೇಲೆ ಒಬ್ಬ ತಮ್ಮ ತೀರಿಕೊಂಡ, ಅವನ ವಾರಸುದಾರರನ್ನು ಕೇಸಿಗೆ ಸೇರಿಸೋದರಲ್ಲಿ ವರ್ಷಗಟ್ಟಲೆ ಹೋಯ್ತು. ಈಗ ವಕೀಲರೇ ಹೋದರು. ವಕೀಲ ಸತ್ತರೆ ವಕಾಲತ್ತೂ ಸತ್ತಂಗೆ, ಹೊಸದಾಗಿ ಬರೆಸಬೇಕು. ಅಪ್ಪ ಆಕೆಯಿಂದ ಹೆಬ್ಬೆಟ್ಟು ತಗೊಂಡು ವಕಾಲತ್ತು ಹಾಕಿದ್ದಾರೆ, ಫೀಸು ತಗೊಂಡಿಲ್ಲ. ಕಾಕಾನ ಫೈಲು ಯಾವುದಕ್ಕೂ ತಗೊಂಡಿಲ್ಲ ಅಂತ ಗುಮಾಸ್ತ ಹೇಳಿದ, ಅವ್ವನಿಗೆ ಇದು ಗೊತ್ತಿಲ್ಲ. (ಅವ್ವ ಇದನ್ನ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೆದಿದ್ದೇನೆ.)

ಫೈಲು ಪಟ್ಟಿ ಮಾಡುವಾಗ ಬೀರುವಿನ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿದ್ದು ಕಾಣಿಸ್ತು. 2024ರ ಜುಲೈ 1ಕ್ಕೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಆಗ ಕಾಕಾ ಅಪ್ಪನಿಗೋಸ್ಕರ ಕೈಯಲ್ಲೇ ಬರೆದುಕೊಟ್ಟ ಪಟ್ಟಿ. ನಮ್ಮ ಕಡೆ ಹಳ್ಳಿ ಜಗಳ ಅಂದ್ರೆ 323, 324, 504, 506, ಇದು ಒಂದೇ ಉಸಿರಿನಲ್ಲಿ ಬರುವ ಮಂತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ನೀರಿನ ಸರದಿಗೆ ಜಗಳ ಆಗದ ವರ್ಷ ಇಲ್ಲ, ಹಂಗಾಗಿ ಈ ಮಂತ್ರಕ್ಕೆ ಕೆಲಸ ಜಾಸ್ತಿ. ಈಗ ಅದು 115(2), 118(1), 352, 351(2). ಮೂವತ್ತು ವರ್ಷ ಬಾಯಿಪಾಠ ಆಗಿದ್ದನ್ನ ಅರವತ್ತರ ಹತ್ತಿರ ಮರೆಯಬೇಕು, ಪೂರ್ತಿ ಮರೆಯೋ ಹಂಗೂ ಇಲ್ಲ, ಜುಲೈಗೆ ಮುಂಚಿನ ಅಪರಾಧಗಳಿಗೆ ಹಳೇ ನಂಬರೇ. ಹಾಳೆಯ ಕೊನೆಗೆ ಕಾಕಾ ಬರೆದಿದ್ದರು: "420 ಅಂದ್ರೆ ಇನ್ನು ಮ್ಯಾಲೆ 318(4). ಆದ್ರೂ ನಿನಗ 420 ಅಂತನೇ ಕರಿಯೋನು."

ಅಪ್ಪ ಆ ಹಾಳೆಯನ್ನ ತೆಗೆಯೋಕೆ ಬಿಡಲಿಲ್ಲ. ಸ್ಕ್ಯಾನ್ ಮಾಡಿ ಕೊಡ್ತೀನಿ ಅಂದೆ. "ಇರ್ಲಿ ಬಿಡು" ಅಂದರು.

ಕಾಕಾನ ಮನೆಗೂ ಹೋಗಿದ್ದೆ. ಪಿಎಫ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ, ಪೆನ್ಷನ್ ಇಲ್ಲ. 1983ರ ವಕೀಲರ ಕಲ್ಯಾಣ ನಿಧಿ ಕಾಯ್ದೆ ಅಂತ ನಮ್ಮ ರಾಜ್ಯದಲ್ಲಿದೆ, ಪ್ರತಿ ವಕಾಲತ್ತಿಗೂ ಅಂಟಿಸುವ ಸ್ಟಾಂಪಿನ ದುಡ್ಡು ಅದಕ್ಕೆ ಹೋಗುತ್ತೆ. ಆ ಅರ್ಜಿಯ ಕಾಗದಪತ್ರ ಒಟ್ಟುಮಾಡೋಕೆ ಕಾಕಿಗೆ ತಿಂಗಳುಗಟ್ಟಲೆ ಆಯ್ತು. ಜೀವನವೆಲ್ಲಾ ಬೇರೆಯವರ ಕಾಗದ ಜೋಡಿಸಿಟ್ಟ ಮನುಷ್ಯ ತನ್ನ ವಂತಿಗೆ ರಸೀದಿಯನ್ನ ಎಲ್ಲಿಟ್ಟಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ. ವಕೀಲರ ಸಂಘಗಳು ಒಂದು ದಿನ ಕೋರ್ಟು ನಿಲ್ಲಿಸುವ ಬದಲು ಇಬ್ಬರು ಕಿರಿಯ ವಕೀಲರನ್ನ ಸತ್ತವರ ಮನೆಗೆ ಕಳಿಸಿ ಈ ಕಾಗದ ಜೋಡಿಸಿಕೊಟ್ಟರೆ, ಇನ್ನಿಬ್ಬರು ಕೂತು ಫೈಲುಗಳನ್ನ ಯಾರ್ಯಾರು ನೋಡಿಕೊಳ್ಳಬೇಕು ಅಂತ ಹಂಚಿದರೆ, ಅದಕ್ಕಿಂತ ದೊಡ್ಡ ಸಂತಾಪ ನನಗಂತೂ ಕಾಣಲ್ಲ.

ಕಿರಿಯ ವಕೀಲರು ಎಲ್ಲಿದ್ದಾರೆ ಅಂತ ಕೇಳಿದರು ಅಪ್ಪ. ಅದೂ ಸರಿ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ, ಜೂನಿಯರ್ ವಕೀಲರಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಕಡ್ಡಾಯ ಅಲ್ಲ, ಸಲಹೆ. ಅಪ್ಪನಿಗೇ ಎಷ್ಟೋ ತಿಂಗಳು ಖರ್ಚು ಕಳೆದರೆ ಅಷ್ಟು ಉಳಿಯಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳ ಸಂಬಳದ ಸ್ಲಿಪ್ಪು ನೋಡಿ ಅಪ್ಪ, ಕಾಕಾ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದು ಈಗಲೂ ನೆನಪಿದೆ.

ಸಂಜೆ ಮನೆ ಮುಟ್ಟಿದಾಗ ಏಳು. ಕಟ್ಟೆ ಮೇಲೆ ನಾಲ್ಕು ಜನ ಕೂತಿದ್ದರು. ಒಂಬತ್ತಕ್ಕೆ ಊಟಕ್ಕೆ ಕೂತರೆ ಫೋನು. ಅವ್ವ ತಟ್ಟೆ ಮುಂದಿಟ್ಟು, "ಆ ಫೋನಿಗೇ ಉಣಸ್ರಿ" ಅಂದು ಒಳಗೆ ಹೋದಳು. ಅಪ್ಪ ಉಂಡು ಪೇಪರ್ ಕೈಯಲ್ಲಿ ಹಿಡಿದು ಕುರ್ಚಿಯಲ್ಲೇ ನಿದ್ದೆ ಹೋದರು. ಮುಂಚೆ ಹಿಂಗಿರಲಿಲ್ಲ ಅಂತ ಅವ್ವ ಹೇಳ್ತಾಳೆ. ಕಾಕಾ ಇದ್ದಾಗ ದಾರಿಯಲ್ಲೇ ಇಬ್ಬರೂ ಬೈದಾಡಿಕೊಂಡು, ನಕ್ಕು, ಕೋರ್ಟನ್ನ ಅಲ್ಲೇ ಇಳಿಸಿ ಮನೆಗೆ ಬರ್ತಿದ್ದರಂತೆ. ಈಗ ಕೋರ್ಟು ಅಪ್ಪನ ಜೊತೆ ಮನೆ ಒಳಗೇ ಬರುತ್ತೆ. "ನಿನ್ನ ಕೂಡ ಕರಕೊಂಡು ಹೋಗಿಬಿಡು ಬೆಂಗಳೂರಿಗೆ" ಅಂದಳು ಅವ್ವ. ನಾನೂ ಅದನ್ನೇ ಹೇಳೋಕೆ ಬಂದಿದ್ದೆ. ರಾತ್ರಿ ಹೆಂಡತಿಗೆ ಫೋನ್ ಮಾಡಿ ಇದೆಲ್ಲ ಹೇಳಿದರೆ ಅವಳು, "ಮಾವನೋರ್ನ ಅನ್ನಕ್ಕೆ ಮುಂಚೆ, ನೀವು ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೀತೀರಲ್ಲ, ಅದೇನು?" ಅಂದಳು. ಉತ್ತರ ಕೊಡಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಅಂದೆ :(

ಅಪ್ಪನಿಗೆ ಬೆಂಗಳೂರಿನ ಮಾತು ಎತ್ತಿದ್ದು ಹೊರಡುವ ಹಿಂದಿನ ದಿನ. ನಾನು ಮಾಡಿದ ಪಟ್ಟಿಯನ್ನ ಪ್ರಿಂಟ್ ತೆಗೆದು ಕೈಗೆ ಕೊಟ್ಟಿದ್ದೆ. ಅಪ್ಪ ಪೆನ್ಸಿಲ್ ತಗೊಂಡು ಒಂದೊಂದೇ ಸಾಲು ನೋಡ್ತಾ, ಕಾಕಾನ ಕೇಸುಗಳ ಮುಂದೆ ಸಣ್ಣ ಗುರುತು ಹಾಕ್ತಾ ಹೋದರು. ಎಲ್ಲ ಮುಗಿದ ಮೇಲೆ, "ಇವಿಷ್ಟು ಮುಗೀಲಿ, ನೋಡೂನು" ಅಂದರು. ಎಷ್ಟು ಗುರುತು ಅಂತ ಎಣಿಸಿದೆ. ಈಗಿನ ವೇಗದಲ್ಲಿ ಅವು ಮುಗಿಯೋದು ಯಾವಾಗ ಅಂತ ಲೆಕ್ಕ ಹಾಕೋ ಧೈರ್ಯ ಆಗಲಿಲ್ಲ.

ಮೊನ್ನೆ ಗುರುವಾರ ಮುದುಕಿಯ ಕೇಸು ಇತ್ತು. ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಪಾಟಿ ಸವಾಲು ಶುರುವಾಯ್ತಂತೆ, ಮೂರೂವರೆಗೆ. ಎದುರು ವಕೀಲರು ಆಕೆಯ ಮದುವೆ ಯಾವ ವರ್ಷ ಆಯ್ತು ಅಂತ ಕೇಳಿದರಂತೆ, ಆಕೆ "ದೊಡ್ಡ ಬರ ಬಿದ್ದಿತ್ತಲ್ರಿ, ಅದರ ಮುಂದಿನ ವರ್ಷ" ಅಂದಳಂತೆ. ಅರ್ಧ ಆಗಿದೆ. ಉಳಿದದ್ದು ಮುಂದಿನ ತಿಂಗಳು ಹದಿನೆಂಟಕ್ಕೆ.